ಮಧುಗಿರಿ ಸೀಮೆಯ ಹೆಂಗಸರ ಉಡುಗೆ

ಹೆಂಗಸರ ಬೀರುವಿನಲ್ಲಿ ಎಂದೆಂದಿಗೂ ಇರಲೇಬೇಕಾದ ಉಡುಪುಗಳು ಯಾವುವು ಎಂಬ ಪಟ್ಟಿಗಳು ಈಚೆಗೆ ಆಗಾಗ ಕಣ್ಣಿಗೆ ಬೀಳುತ್ತವೆ. ಒಂದು ಬಿಳಿಯ ಷರಟು, ಒಂದು ಕರಿಯ ಷರಾಯಿ, ನೀಲಿ ಜೀನ್ಸು, ಮೇಲೊಂದು ಕೋಟು. ಪಟ್ಟಿ ಸಾಮಾನ್ಯವಾಗಿ ಹೀಗೆಯೇ ಮೊದಲಾಗುತ್ತದೆ. ಕಾಲ ಎಷ್ಟು ಬದಲಾದರೂ ಇವು ಹಳತಾಗುವುದಿಲ್ಲವಂತೆ. ಕಳೆದ ತಿಂಗಳು ನನ್ನ ತರಗತಿಯ ಹುಡುಗಿಯೊಬ್ಬಳು ಅಂಥ ಪಟ್ಟಿಯೊಂದನ್ನು ತೋರಿಸಿ, "ನಮ್ಮ ಕಡೆಯವರಿಗೂ ಇಂಥದೊಂದು ಇತ್ತೇ?" ಎಂದು ಕೇಳಿದಳು. ಆಕೆಯ ಊರು ಪಾವಗಡದ ಕಡೆ; ನನ್ನದು ಮಧುಗಿರಿ ತಾಲ್ಲೂಕು. "ಇತ್ತು, ಆದರೆ ಅದನ್ನು ಯಾರೂ ಬರೆದಿಡಲಿಲ್ಲ" ಎಂದೆ. ಹೇಳಿದ್ದೇನೋ ಆಯಿತು. ಹೇಳಿದ ಮೇಲೆ ಬರೆಯುವ ಹೊಣೆಯೂ ನನ್ನದೇ ಎನಿಸಿತು.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂಬ ತುಮಕೂರು ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳನ್ನು ಶಿಕ್ಷಣ ಇಲಾಖೆಯವರು ಒಟ್ಟುಗೂಡಿಸಿ ಮಧುಗಿರಿ ಶೈಕ್ಷಣಿಕ ಜಿಲ್ಲೆ ಎಂದು ಕರೆಯುತ್ತಾರೆ. ಇಲಾಖೆ ಕೂಡಿಸುವುದಕ್ಕೆ ಬಹಳ ಮುನ್ನವೇ ಬಂಡೆ, ಬರ, ಹುಣಿಸೆಮರ ಮತ್ತು ಕುರಿಮಂದೆಗಳು ಇವನ್ನು ಕೂಡಿಸಿದ್ದವು. ಇಲ್ಲಿ ಮಳೆ ಕಡಿಮೆ. ಜಯಮಂಗಲಿ ನೀರಿಗಿಂತ ಮರಳಿಗೇ ಹೆಸರಾದ ಹೊಳೆ. ಪಾವಗಡದ ಸುತ್ತ ಬಹುಪಾಲು ಆಂಧ್ರದ ನೆಲವಾದ್ದರಿಂದ ಅಲ್ಲಿ ಎಷ್ಟೋ ಮನೆಗಳ ಒಳಗೆ ತೆಲುಗು, ಹೊರಗೆ ಕನ್ನಡ. ಇಂಥ ಸೀಮೆಯಲ್ಲಿ ಹೆಣ್ಣು ಏನು ಉಡಬೇಕೆಂಬುದನ್ನು ಅಂದಚೆಂದಕ್ಕಿಂತ ಹೆಚ್ಚಾಗಿ ನಿರ್ಣಯಿಸಿದ್ದು ಮಳೆ. ಈ ಮಾತನ್ನು ಓದುಗರು ಮೊದಲಿಗೇ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕೆಂದು ಪ್ರಾರ್ಥಿಸುತ್ತೇನೆ.

ನಮ್ಮ ಸೀಮೆಗೆ ಚರಿತ್ರೆಯ ಕೊರತೆಯೇನೂ ಇಲ್ಲ. ಮಧುಗಿರಿಯ ಏಕಶಿಲೆಯ ಬೆಟ್ಟದ ಮೇಲೆ ಕೋಟೆ, ಚನ್ನರಾಯನದುರ್ಗದಲ್ಲಿ ಕೋಟೆ, ಪಾವಗಡ ನಿಡುಗಲ್ಲುಗಳಲ್ಲಿ ಕೋಟೆ. ಆ ಕೋಟೆಗಳನ್ನು ಯಾರು ಕಟ್ಟಿದರು, ಯಾರು ಕೆಡವಿದರು ಎಂಬುದಕ್ಕೆ ಪುಟಗಟ್ಟಲೆ ಬರಹವುಂಟು. ಮಿಡಿಗೇಶಿಯ ಕೋಟೆಗಂತೂ ಹಿಮ್ಮಡಿಯವರೆಗೆ ಇಳಿಬಿದ್ದ ಕೂದಲಿನ ಒಬ್ಬ ಹೆಂಗಸಿನಿಂದ ಹೆಸರು ಬಂತೆಂದು ಜನ ಹೇಳುತ್ತಾರೆ. ಆಕೆಯ ತಲೆಗೂದಲು ಸ್ಥಳಪುರಾಣಕ್ಕೆ ಸೇರಿತು. ಉಟ್ಟ ಸೀರೆ ಸೇರಲಿಲ್ಲ. ಊರ ಹೊರಗಿನ ಮಾಸ್ತಿಕಲ್ಲುಗಳನ್ನು ನೋಡಿದರೆ ಅಲ್ಲಿಯೂ ಬಳೆ ತೊಟ್ಟ ತೋಳೊಂದು ಎತ್ತಿ ನಿಂತಿರುತ್ತದೆ. ಸತ್ತ ಹೆಣ್ಣಿನ ಬಳೆಯನ್ನು ಕಲ್ಲಿನಲ್ಲಿ ಕೆತ್ತಿದವರು ಬದುಕಿದ್ದ ಹೆಣ್ಣಿನ ಬಟ್ಟೆಯನ್ನು ಗಮನಿಸಿದ್ದು ಕಡಿಮೆ. ಆದ್ದರಿಂದ ನಾನು ಕೋಟೆಯನ್ನು ಬಿಟ್ಟು ಪೆಟ್ಟಿಗೆಯೊಂದರಿಂದ ಮೊದಲು ಮಾಡುತ್ತೇನೆ.

ಅದು ನಮ್ಮಜ್ಜಿಯ ಪೆಟ್ಟಿಗೆ. ತಗಡಿನದು, ಮೇಲೆ ಬಣ್ಣದ ಹೂವಿನ ಗುರುತು ಅಷ್ಟಿಷ್ಟು ಉಳಿದಿತ್ತು. ಆಕೆಯ ಮದುವೆಯಾದದ್ದು 1944ರಲ್ಲಿ. ತೀರಿಕೊಂಡು ಈಗ ಹದಿನೈದು ವರ್ಷ ಮೀರಿತು. ವೈಕುಂಠ ಸಮಾರಾಧನೆಯ ಮಾರನೆಯ ದಿನ ಮನೆಯ ಹೆಂಗಸರೆಲ್ಲ ಕೂಡಿ ಪೆಟ್ಟಿಗೆ ತೆಗೆದರು. ಮೇಲುಗಡೆ ಎರಡು ಬಿಳಿಯ ಸೀರೆ. ಅದರ ಕೆಳಗೆ ಕೆಂಪಂಚಿನ ಹಳೆಯ ನೂಲಿನ ಸೀರೆಯೊಂದು, ಮುಂದೆ ಗಂಟು ಹಾಕುವ ಎರಡು ಕುಪ್ಪಸ, ಒಂದು ಕರಿಯ ಕಂಬಳಿ, ಎಲೆಯಡಕೆಯ ಸಂಚಿ, ಎಲ್ಲಕ್ಕೂ ಅಡಿಯಲ್ಲಿ, ಬೇವಿನ ಸೊಪ್ಪಿನ ಪುಡಿಯ ನಡುವೆ, ಧಾರೆಯ ರೇಷ್ಮೆ ಸೀರೆ. ಎಂಬತ್ತು ವರ್ಷ ದಾಟಿದ ಬದುಕಿನಲ್ಲಿ ಆಕೆ ಉಳಿಸಿಕೊಂಡ ಉಡುಗೆ ಇಷ್ಟು. ನಾಲ್ಕು ತಾಲ್ಲೂಕಿನ ಯಾವ ಒಕ್ಕಲುಮನೆಯ ಪೆಟ್ಟಿಗೆ ತೆಗೆದಿದ್ದರೂ ಹೆಚ್ಚುಕಡಿಮೆ ಇವೇ ಇರುತ್ತಿದ್ದವೆಂದು ನನ್ನ ನಂಬಿಕೆ.

ಮೊದಲು ನೂಲಿನ ಸೀರೆಯ ಮಾತು. ಸೀರೆ ಎಂಬ ಪದಕ್ಕೂ ಸಂಸ್ಕೃತದ 'ಚೀರ'ಕ್ಕೂ ನಂಟುಂಟು. ಯಾರಿಂದ ಯಾರು ಪಡೆದರೆಂಬ ವಿಚಾರದಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ತೆಲುಗಿನವರು ಈಗಲೂ 'ಚೀರ' ಎಂದೇ ಅನ್ನುತ್ತಾರೆ. ಸಂಸ್ಕೃತದಲ್ಲಿ ಚೀರವೆಂದರೆ ಬಟ್ಟೆಯ ಚೂರು, ತಪಸ್ವಿಗಳು ಉಡುವ ನಾರುಮಡಿ. ಇಂದು ಮದುವೆಯ ಮಂಟಪದಲ್ಲಿ ಸಾವಿರಾರು ರೂಪಾಯಿಗೆ ಬೆಲೆಬಾಳುವ ವಸ್ತುವಿನ ಹೆಸರಿಗೆ ಇಂಥ ಬಡ ಬಂಧು ಇರುವುದು ನನಗೆ ಸರಿಯಾಗಿಯೇ ತೋರುತ್ತದೆ.

ಟಿಪ್ಪುವಿನ ಪತನವಾದ ಮರುವರ್ಷ, 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಮೈಸೂರು ಸೀಮೆಯನ್ನು ಸುತ್ತಿದ. ಕೋಲಾರದ ಕಡೆಯಿಂದ ಹೊರಟು ಮಧುಗಿರಿ, ಚನ್ನರಾಯನದುರ್ಗಗಳ ಮೇಲೆ ಶಿರಾವನ್ನು ಸೇರಿದ. ಅವನ ದಿನಚರಿ 1807ರಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ರಾಜರ ವಿಷಯಕ್ಕಿಂತ ಮಗ್ಗ, ಗಾಣ, ನೇಗಿಲುಗಳ ವಿಷಯವನ್ನು ಹೆಚ್ಚಾಗಿ ಬರೆದನೆಂಬುದಕ್ಕಾಗಿ ನಾವು ಅವನನ್ನು ನೆನೆಯಬೇಕು. ಬೆಂಗಳೂರಿನ ನೇಕಾರರನ್ನು ವಿವರಿಸುವಾಗ, ತೊಗಟರು ಕೆಂಪಂಚಿನ ಒರಟಾದ ದಪ್ಪ ಬಿಳಿಯ ನೂಲುಬಟ್ಟೆಯನ್ನು ನೇಯುತ್ತಾರೆ, ಅದು ಬಡಜನರ ಉಡುಗೆ, ಎಂದು ಅವನು ಗುರುತಿಸಿದ್ದಾನೆ. ಅಜ್ಜಿಯ ಪೆಟ್ಟಿಗೆಯ ಕೆಂಪಂಚಿನ ಸೀರೆಯನ್ನು ಕೈಯಲ್ಲಿ ಹಿಡಿದಾಗ ನನಗೆ ಆ ಸಾಲು ನೆನಪಾಯಿತು. ನಡುವೆ ಇನ್ನೂರು ವರ್ಷ ಕಳೆದಿದ್ದರೂ ಬಡತನದ ಅಂಚು ಕೆಂಪಾಗಿಯೇ ಉಳಿದಿತ್ತು.

ಸೀರೆಯನ್ನು ಆಗ ಮೊಳದಲ್ಲಿ ಅಳೆಯುತ್ತಿದ್ದರು. ಕಚ್ಚೆ ಹಾಕಿ ಉಡುವವರಿಗೆ ಹದಿನೆಂಟು ಮೊಳ, ಅಂದರೆ ಒಂಬತ್ತು ಗಜ. ಉಳಿದವರಿಗೆ ಹದಿನಾರು ಮೊಳ. ಈಗಿನ ಹನ್ನೆರಡು ಮೊಳದ, ಎಂದರೆ ಆರು ಗಜದ ಸೀರೆ ಹಳ್ಳಿಗಳಿಗೆ ಬಂದದ್ದು ಗಿರಣಿಯ ಬಟ್ಟೆಯೊಡನೆ. ಬಡವರಿಗೆ ಅಷ್ಟುದ್ದದ ಸೀರೆ ಏತಕ್ಕೆಂದು ಪಟ್ಟಣದವರು ಕೇಳಬಹುದು. ಸೀರೆ ಕೇವಲ ಮೈಮುಚ್ಚುವ ಬಟ್ಟೆಯಾಗಿರಲಿಲ್ಲ. ಕಡಲೆಕಾಯಿ ಕೀಳುವಾಗ ಮಡಿಲು ಚೀಲವಾಗುತ್ತಿತ್ತು. ಬಿಸಿಲಿಗೆ ಸೆರಗು ಕೊಡೆ. ನೀರು ಹೊರುವಾಗ ಅದೇ ಸಿಂಬಿ. ಸಂತೆಯ ದುಡ್ಡಿಗೆ ಸೆರಗಿನ ಗಂಟೇ ತಿಜೋರಿ. ಹರಿದ ಮೇಲೆ ಅದರ ಎರಡನೆಯ ಜನ್ಮ ಪ್ರಾರಂಭ: ನಡುಭಾಗ ಮಗುವಿನ ಜೋಲಿ, ಅಂಚು ದನದ ಕೊರಳಿಗೆ ದಾರ, ಮಿಕ್ಕದ್ದು ಪದರ ಪದರವಾಗಿ ಹೊಲಿದು ಬೊಂತೆ. ಉತ್ತರದ ಕಡೆಯವರು ಅದನ್ನು ಕೌದಿ ಎನ್ನುತ್ತಾರೆ. ಕಟ್ಟಕಡೆಯ ಚೂರು ದೀಪದ ಬತ್ತಿ. ಕಾಲವನ್ನು ಗೆದ್ದ ಉಡುಪು ಯಾವುದೆಂದರೆ ಇದೇ. ಆದರೆ ಇದನ್ನು ಸರಳ ಜೀವನವೆಂದು ಹೊಗಳಿ ಕೈತೊಳೆದುಕೊಳ್ಳುವುದು ಅನ್ಯಾಯ. ಒಂದನ್ನು ಒಗೆದು, ಒಂದನ್ನು ಉಟ್ಟು ದಿನ ಕಳೆದವರು ಅದನ್ನು ವ್ರತವೆಂದು ಮಾಡಲಿಲ್ಲ. ಮೂರನೆಯದು ಇರಲಿಲ್ಲ, ಅಷ್ಟೆ. ದೊಡ್ಡಮನೆಯ ಹಳೆಯ ಸೀರೆಯೇ ಕೂಲಿಯ ಭಾಗವಾಗಿ ಸಿಕ್ಕುತ್ತಿದ್ದ ಕೇರಿಗಳೂ ಇದ್ದವು. ಅಲ್ಲಿನ ಹೆಣ್ಣು ಹೊಸ ಸೀರೆ ಉಟ್ಟು ಊರ ನಡುವೆ ಬಂದರೆ ಏನೆಂದಾರೋ ಎಂದು ಅಂಜಬೇಕಾಗಿತ್ತು.

ಕುಪ್ಪಸದ ಕಥೆ ಇನ್ನೂ ಸೂಕ್ಷ್ಮ. ಪದ ಹಳೆಯದು, ಸಂಸ್ಕೃತದ 'ಕೂರ್ಪಾಸ'ವೇ ನಮ್ಮಲ್ಲಿ ಕುಪ್ಪಸವಾಯಿತು. ಪದ ಎಲ್ಲರಿಗೂ ಗೊತ್ತಿತ್ತು, ವಸ್ತು ಎಲ್ಲರ ಮೈಮೇಲೂ ಇರಲಿಲ್ಲ. ನಾನು ಚಿಕ್ಕವನಾಗಿದ್ದಾಗ ನಮ್ಮ ಹಳ್ಳಿಯಲ್ಲಿ ರವಿಕೆಯಿಲ್ಲದೆ ಸೆರಗನ್ನೇ ಬಿಗಿದು ಹೊದ್ದು ಹೊಲಕ್ಕೆ ಹೋಗುತ್ತಿದ್ದ ಇಬ್ಬರು ಮೂವರು ಮುದುಕಿಯರು ಇದ್ದರು. ಮದುವೆಯಾಗಿ ಬಂದ ಸೊಸೆಯರು ರವಿಕೆ ತೊಟ್ಟಾಗ ಅವರೇ ಮೂದಲಿಸುತ್ತಿದ್ದರಂತೆ. ಮಲೆಯಾಳ ಸೀಮೆಯಲ್ಲಿ ಮಾತು ಮೂದಲಿಕೆಗೆ ನಿಲ್ಲಲಿಲ್ಲ. ತಿರುವಾಂಕೂರಿನ ದಕ್ಷಿಣ ಭಾಗದಲ್ಲಿ ನಾಡಾರ್ ಹೆಂಗಸರು ಎದೆ ಮುಚ್ಚಿಕೊಳ್ಳುವ ಹಕ್ಕಿಗಾಗಿ ದಶಕಗಳ ಕಾಲ ಏಟು ತಿಂದರು. 1859ರಲ್ಲಿ ಮಹಾರಾಜರ ಘೋಷಣೆಯೊಂದು ಬೇಕಾಯಿತು. ನಮ್ಮಲ್ಲಿ ಘೋಷಣೆಯಿಲ್ಲದೆ, ಹೊಲಿಗೆಯಂತ್ರದ ಸದ್ದಿನೊಡನೆ ಬದಲಾವಣೆ ಬಂತು. ಸಂತೆಯ ಮೂಲೆಯಲ್ಲಿ ಯಂತ್ರವಿಟ್ಟುಕೊಂಡ ದರ್ಜಿ ಈ ಸೀಮೆಯ ಹೆಂಗಸರಿಗೆ ಮಾಡಿದ ಉಪಕಾರವನ್ನು ಯಾವ ಶಾಸನವೂ ದಾಖಲಿಸಿಲ್ಲ. ಈಗ ಕೊರಟಗೆರೆಯ ಬಳಿಯ ಗೊರವನಹಳ್ಳಿಯ ಮಹಾಲಕ್ಷ್ಮಿಗೆ ಮಡಿಲಕ್ಕಿಯೊಡನೆ ರವಿಕೆಯ ಕಣವನ್ನು ಒಪ್ಪಿಸದ ಮುತ್ತೈದೆಯಿಲ್ಲ. ಮೊದಲು ದೇವಿಗೆ, ಆಮೇಲೆ ಮನುಷ್ಯರಿಗೆ; ನಮ್ಮಲ್ಲಿ ಎಷ್ಟೋ ಹಕ್ಕುಗಳು ಇದೇ ಕ್ರಮದಲ್ಲಿ ಬಂದಿವೆ.

ಇನ್ನು ಕಂಬಳಿ. ಕಂಬಳಿ ಗಂಡಸಿನ ಹೊದಿಕೆಯೆಂದು ಪೇಟೆಯವರ ಭಾವನೆ. ನಮ್ಮ ಕಡೆ ಮಳೆಗೆ ಕೊಪ್ಪೆಯಾಗಿ, ಬಾಣಂತಿಗೆ ಬೆಚ್ಚನೆಯ ಹಾಸಾಗಿ, ಮದುಮಗಳಿಗೆ ಹಸೆಯ ಕೆಳಗಿನ ಗದ್ದುಗೆಯಾಗಿ ಅದು ಹೆಣ್ಣಿನದೂ ಹೌದು. ಅದಕ್ಕಿಂತ ಮುಖ್ಯವಾದ ಮಾತು, ಅದರ ಅರ್ಧ ಕೆಲಸ ಹೆಣ್ಣಿನದು. ಉಣ್ಣೆಯನ್ನು ಹಿಂಜಿ ನೂಲುವವರು ಕುರುಬರ ಹೆಂಗಸರು, ನೇಯುವವರು ಗಂಡಸರು. ಎಳೆ ಗಟ್ಟಿಯಾಗಲು ಹಚ್ಚುವ ಗಂಜಿ ಹುಣಿಸೆಬೀಜದ್ದು. ಕುರಿಯೂ ಹುಣಿಸೆಮರವೂ ತಾನಾಗಿ ಬೆಳೆಯುವ ನೆಲದಲ್ಲಿ ಕಂಬಳಿ ಹುಟ್ಟದೆ ಮತ್ತೇನು ಹುಟ್ಟೀತು? ಬುಕಾನನನ ದಿನಚರಿಯಲ್ಲಿ ಕಂಬಳಿ ಎಂಬ ನಮ್ಮ ಪದವೇ ಇಂಗ್ಲಿಷಿನ ವೇಷದಲ್ಲಿ ಮತ್ತೆ ಮತ್ತೆ ಬರುತ್ತದೆ.

ಶಿರಾದಲ್ಲಿ ಕಂಬಳಿಯ ಜೊತೆಗೆ ಇನ್ನೊಂದು ಬಟ್ಟೆಯೂ ಇತ್ತು. ಹಳೆಯ ಗೆಜೆಟಿಯರುಗಳು ಶಿರಾದ ಕಂಬಳಿಯೊಡನೆ ಹೆಸರಿಸುವ ಅದು ಚೀಟಿ, ಅಂದರೆ ಹೂಬಳ್ಳಿಗಳ ಅಚ್ಚೊತ್ತಿದ ನೂಲುಬಟ್ಟೆ. ಹಿಂದೂಸ್ಥಾನಿಯ 'ಛೀಂಟ್' ನಮ್ಮಲ್ಲಿ ಚೀಟಿಯಾಯಿತು. ಇಂಗ್ಲಿಷರ ಬಾಯಲ್ಲಿ 'ಚಿಂಟ್ಸ್' ಆಯಿತು. ನಮ್ಮ ಅಜ್ಜಿಯಂದಿರು ಚೀಟಿ ರವಿಕೆ ಎನ್ನುತ್ತಿದ್ದುದು ಇದೇ ಬಟ್ಟೆಯ ನೆನಪಿನಿಂದ. ಶಿರಾ ಸಾಮಾನ್ಯ ಊರಾಗಿರಲಿಲ್ಲ. 1638ರಲ್ಲಿ ಬಿಜಾಪುರದ ರಣದುಲ್ಲಾಖಾನನ ವಶವಾಯಿತು. 1687ರಲ್ಲಿ ಮೊಗಲರ ಸುಬಾದ ರಾಜಧಾನಿಯಾಯಿತು. ಸುಬಾದಾರ ದಿಲಾವರಖಾನನ ಅರಮನೆಯ ಮಾದರಿಯಲ್ಲಿಯೇ ಬೆಂಗಳೂರು, ಶ್ರೀರಂಗಪಟ್ಟಣಗಳ ಅರಮನೆಗಳು ಎದ್ದವೆಂದು ಹೇಳುತ್ತಾರೆ. ಅಂಥ ಊರಿನಲ್ಲಿ ಬಣ್ಣದ ಬಟ್ಟೆ ಕೊಳ್ಳುವವರಿದ್ದುದು ಆಶ್ಚರ್ಯವಲ್ಲ.

ಆದರೆ ಕೊಳ್ಳುವವರು ಉಳಿಯಲಿಲ್ಲ. ಮರಾಠರ ಮತ್ತು ಹೈದರನ ಕೈಗಳ ನಡುವೆ ಊರು ಚೆಂಡಾಯಿತು. ಆಮೇಲೆ ಟಿಪ್ಪು ಶ್ರೀರಂಗಪಟ್ಟಣದ ಪಕ್ಕದಲ್ಲಿ ಗಂಜಾಂ ಪೇಟೆಯನ್ನು ತುಂಬಿಸಲು ಶಿರಾದಿಂದ ಹನ್ನೆರಡು ಸಾವಿರ ಸಂಸಾರಗಳನ್ನು ಬಲವಂತವಾಗಿ ಸಾಗಿಸಿದನೆಂದು ರೈಸ್ ಸಾಹೇಬರು ತಮ್ಮ ಗೆಜೆಟಿಯರಿನಲ್ಲಿ ಬರೆದಿದ್ದಾರೆ. ಅಷ್ಟು ಸಂಸಾರಗಳು ಕದಲಿದರೆ ಮಗ್ಗ, ಬಣ್ಣದ ಬಾನಿ, ಗಿರಾಕಿ ಎಲ್ಲವೂ ಕದಲುತ್ತವೆ. ಮುಂದೆ 1876ರಿಂದ 78ರವರೆಗಿನ ಧಾತು ಈಶ್ವರ ಸಂವತ್ಸರಗಳ ಬರ. 1871ರಲ್ಲಿ ಐವತ್ತು ಲಕ್ಷಕ್ಕೆ ಮೀರಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ ನಲವತ್ತೆರಡು ಲಕ್ಷಕ್ಕೆ ಇಳಿದಿತ್ತು. ಬರದಲ್ಲಿ ರಾಗಿಯ ಬೆಲೆ ಏರಿದರೆ ಮೊಟ್ಟಮೊದಲು ನಿಲ್ಲುವುದು ಬಟ್ಟೆಯ ವ್ಯಾಪಾರ. ಆದ್ದರಿಂದ ಬೆಳೆಯುವವನಿಗಿಂತ ಮುಂಚೆ ನೇಯುವವನ ಮನೆಯ ಒಲೆ ಆರುತ್ತದೆ. 1880ರ ದಶಕದಲ್ಲಿ ಬೆಂಗಳೂರಿನಲ್ಲಿ ಗಿರಣಿಗಳು ಏಳುವ ಹೊತ್ತಿಗೆ ನಮ್ಮ ಕಡೆಯ ಮಗ್ಗಗಳು ಮೊದಲೇ ಬಡವಾಗಿದ್ದವು. ಜರ್ಮನಿಯ ಕಾರ್ಖಾನೆಗಳ ಬಣ್ಣ ಬಂದು, 1897ರಿಂದ ಕೃತಕ ನೀಲಿಯೂ ಮಾರುಕಟ್ಟೆಗೆ ಇಳಿದ ಮೇಲೆ ಬೇರು ಸೊಪ್ಪುಗಳ ಬಣ್ಣಗಾರರಿಗೆ ಕೆಲಸವಿಲ್ಲದಾಯಿತು.

ಪೆಟ್ಟಿಗೆಯಲ್ಲಿ ಮಿಕ್ಕದ್ದು ಎರಡು: ಸಂಚಿ ಮತ್ತು ಧಾರೆಯ ಸೀರೆ. ಸೀರೆಗೆ ಜೇಬಿಲ್ಲ, ಆ ಕೊರತೆಯನ್ನು ತುಂಬಿದ್ದು ಸಂಚಿ. ಎಲೆಗೊಂದು, ಅಡಕೆಗೊಂದು, ಸುಣ್ಣದ ಡಬ್ಬಿಗೊಂದು, ಕಾಸಿಗೊಂದು ಎಂದು ಮನೆಗಳಿರುವ ಆ ಪುಟ್ಟ ಬಟ್ಟೆಯ ಚೀಲ ಹೆಣ್ಣಿನ ಸ್ವಂತ ಆಡಳಿತ. ಗಂಡನಾದವನು ಅದರೊಳಗೆ ಕೈಹಾಕುವಂತಿರಲಿಲ್ಲ. ಚಿಕದೇವರಾಜ ಒಡೆಯರ ಅರಮನೆಯಲ್ಲಿ ಇದನ್ನು ಹಿಡಿಯುವ ಊಳಿಗದಲ್ಲಿದ್ದ ಹೊನ್ನಮ್ಮ 'ಹದಿಬದೆಯ ಧರ್ಮ'ವನ್ನು ಬರೆದು ಸಂಚಿಯ ಹೊನ್ನಮ್ಮನೆಂದೇ ಹೆಸರಾದಳು. ನಮ್ಮ ಸಾಹಿತ್ಯದಲ್ಲಿ ಚೀಲವೊಂದರಿಂದ ಹೆಸರು ಪಡೆದ ಕವಯಿತ್ರಿ ಆಕೆಯೊಬ್ಬಳೇ ಎಂದು ತರಗತಿಯಲ್ಲಿ ಹೇಳಿದಾಗ ಹುಡುಗಿಯರು ನಗುತ್ತಾರೆ. ಆಮೇಲೆ ತಮ್ಮ ಕೈಚೀಲಗಳ ಕಡೆ ನೋಡಿಕೊಳ್ಳುತ್ತಾರೆ.

ಧಾರೆಯ ಸೀರೆ ಪಾವಗಡದ ಕಡೆಯಿಂದ ಬಂದದ್ದೆಂದು ಅಜ್ಜಿ ಹೇಳುತ್ತಿದ್ದಳು. ಪಾವಗಡ ತಾಲ್ಲೂಕಿನ ವೈ.ಎನ್. ಹೊಸಕೋಟೆ ರೇಷ್ಮೆಯ ಮಗ್ಗಗಳ ಊರು. ಗಡಿಯ ಆಚೆಗೆ ಧರ್ಮಾವರ. ಹೆಚ್ಚು ಹೆಸರು ಧರ್ಮಾವರಕ್ಕೆ ಬಂತು, ದುಡಿಮೆಯಲ್ಲಿ ಎರಡೂ ಒಂದೇ. 1943ರಲ್ಲಿ ಯುದ್ಧದ ದೆಸೆಯಿಂದ ಗಿರಣಿಯ ಬಟ್ಟೆಗೆ ನಿಯಂತ್ರಣ ಬಂದು ಸಾಧಾರಣ ಸೀರೆಗೂ ಜನ ಪರದಾಡುತ್ತಿದ್ದಾಗ, ಮುತ್ತಜ್ಜ ಎತ್ತಿನ ಗಾಡಿ ಕಟ್ಟಿಕೊಂಡು ಹೋಗಿ ಮಗ್ಗದ ಮನೆಯಿಂದಲೇ ಅದನ್ನು ತಂದನಂತೆ. ನೇಯುವವನಿಗೆ ನೇಕಾರನೆಂಬ ಹೆಸರುಂಟು. ಆದರೆ ರೇಷ್ಮೆಯನ್ನು ಬಿಡಿಸಿ, ಕಂಡಿಕೆ ಸುತ್ತಿ, ಹಾಸು ಹೂಡಲು ಎಳೆ ಎಳೆಯನ್ನೂ ಕೂಡಿಸಿಕೊಡುವ ಅವನ ಹೆಂಡತಿ ಮಗಳಿಗೆ ಹೆಸರೂ ಇರಲಿಲ್ಲ, ಬೇರೆಯಾಗಿ ಕೂಲಿಯೂ ಇರಲಿಲ್ಲ. ಕೈಯಲ್ಲಿ ರೇಷ್ಮೆ, ಮೈಮೇಲೆ ನೂಲು. ಮಗ್ಗದ ಮನೆಗಳಲ್ಲಿ ಈ ದೃಶ್ಯವನ್ನು ನಾನೇ ಕಂಡಿದ್ದೇನೆ.

ಆ ಸೀರೆಯನ್ನು ಬಿಡಿಸಿದಾಗ ನಮ್ಮ ಮನೆಯ ಹೆಂಗಸರು ಒಂದು ಗಳಿಗೆ ಮಾತಾಡಲಿಲ್ಲ. ಸೀರೆಗೆ ಅಂಚಿರಲಿಲ್ಲ, ಎರಡು ಕಡೆಯೂ ನೀಟಾಗಿ ಕತ್ತರಿಸಿ ಹೊಲಿದಿತ್ತು. ಸೆರಗಿನ ಜರಿಯ ಪಟ್ಟಿಯೂ ಇರಲಿಲ್ಲ. ಕಾರಣ ಗೊತ್ತಿದ್ದವರು ನನ್ನ ದೊಡ್ಡತ್ತೆಯೊಬ್ಬರೇ. ಹಿಂದಿನ ಜರಿಯೆಂದರೆ ಬೆಳ್ಳಿಯ ತಂತಿಗೆ ಚಿನ್ನದ ಲೇಪ. ಸುಟ್ಟು ಕರಗಿಸಿದರೆ ಬೆಳ್ಳಿ ಸಿಕ್ಕುತ್ತದೆ. ಅದನ್ನು ಕೊಳ್ಳಲು ಊರೂರು ತಿರುಗುವವರಿದ್ದರು. 1965ರಲ್ಲಿ ಅಜ್ಜ ತೀರಿಕೊಂಡ. ಆ ವರ್ಷವೂ ಮರುವರ್ಷವೂ ಮಳೆ ಕೈಕೊಟ್ಟಿತು. ನಮ್ಮ ಕಡೆ ಧಾರೆಯ ಸೀರೆ ತರುವಂತೆ ಬಿಳಿಯ ಸೀರೆಯನ್ನೂ ತವರಿನವರೇ ತರುತ್ತಾರೆ. ಅದನ್ನು ಉಟ್ಟ ಮೇಲೆ ಬಣ್ಣದ ಅಂಚು ತನಗಿಲ್ಲವೆಂದು ಆಕೆ ತಾನೇ ಕತ್ತರಿ ಹಿಡಿದಳು. ಆ ಬೆಳ್ಳಿಯ ದುಡ್ಡು ನಮ್ಮ ತಂದೆಯ ಹೈಸ್ಕೂಲಿನ ಫೀಜಿಗೆ ಹೋಯಿತು. ತಂದೆ ಓದಿದ್ದರಿಂದ ನಾನು ಓದಿದೆ. ಓದಿದ್ದರಿಂದ ಈಗ ಬರೆಯುತ್ತಿದ್ದೇನೆ. ಅವಳು ಇದನ್ನು ಮಗನಿಗಾಗಲಿ ಮೊಮ್ಮಗನಿಗಾಗಲಿ ಎಂದೂ ಹೇಳಲಿಲ್ಲ.

ಹೆಣ್ಣಿನ ಪೆಟ್ಟಿಗೆಯಲ್ಲಿ ಎಂದೆಂದಿಗೂ ಇರಬೇಕಾದ ಉಡುಗೆ ಎಂಬ ಮಾತಿಗೆ ನಮ್ಮ ಸೀಮೆಯಲ್ಲಿದ್ದ ಅರ್ಥ ಇದು. ಅದು ಉಡುವುದಕ್ಕೆ ಎಷ್ಟೋ, ಬರ ಬಂದಾಗ ಒತ್ತೆಯಿಡುವುದಕ್ಕೂ ಅಷ್ಟೇ. ಹೊಲ ಗಂಡನ ಹೆಸರಿನಲ್ಲಿ, ಮನೆ ಮಾವನ ಹೆಸರಿನಲ್ಲಿ; ಅವಳ ಹೆಸರಿನಲ್ಲಿದ್ದದ್ದು ಒಂದು ಪೆಟ್ಟಿಗೆ. ಅದರ ಮೇಲೂ ಅಧಿಕಾರ ಪೂರ್ತಿ ಅವಳದಲ್ಲ. ಯಾವ ಬಣ್ಣ ಯಾವ ದಿನದವರೆಗೆ ಎಂದು ನಿರ್ಣಯಿಸುತ್ತಿದ್ದವರು ಬೇರೆಯವರು.

ಕಾಲ ನಿಂತಿಲ್ಲ. 1976ರ ಕೇಂದ್ರ ಸರ್ಕಾರದ ಯೋಜನೆಯಿಂದ ಬಂದ ಜನತಾ ಸೀರೆ ಒಂದು ಕಾಲಕ್ಕೆ ನಮ್ಮ ಹಳ್ಳಿಗಳ ಮಾನ ಕಾಯಿತು. ಲಂಗ ದಾವಣಿ ಬಂದು ಹೋಯಿತು; ಚೂಡಿದಾರ ಬಂದು ನೆಲಸಿತು. ಇಂದು ಮನೆಗಳ ಒಳಗೆ ಜಾತಿ ಮತಗಳ ಭೇದವಿಲ್ಲದೆ ರಾಜ್ಯವಾಳುತ್ತಿರುವುದು ನೈಟಿ, ಮೇಲೊಂದು ಟವಲು. ಇದನ್ನು ಕಂಡು ಕೆಲವರು ಮೂಗು ಮುರಿಯುತ್ತಾರೆ. ಬೆಳಗಿನ ಜಾವ ನೀರು ಹಿಡಿಯಲು ಎದ್ದು ಹೋಗುವ ಹೆಣ್ಣಿಗೆ ಯಾವುದು ಅನುಕೂಲವೋ ಅದೇ ಅವಳ ಪಟ್ಟಿಯ ಮೊದಲ ಉಡುಪು ಎಂದು ನನಗೆ ತೋರುತ್ತದೆ. ಗಂಡ ತೀರಿದವರು ಬಣ್ಣದ ಸೀರೆಯನ್ನು ಬಿಡದೆ ಉಡುವುದನ್ನೂ ಈಗ ನಮ್ಮ ಹಳ್ಳಿಗಳಲ್ಲಿ ಕಾಣುತ್ತೇವೆ. ನೂರು ವರ್ಷದ ಉಡುಗೆಯ ಚರಿತ್ರೆಯಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವ ಬದಲಾವಣೆ ಅದು.

ಪ್ರಶ್ನೆ ಕೇಳಿದ ಹುಡುಗಿಗೆ ಇಷ್ಟನ್ನೂ ಹೇಳಿದೆ. ಕೇಳಿದ ಮೇಲೆ ಆಕೆ ಒಂದು ಮಾತು ಹೇಳಿದಳು. ಆಕೆಯ ಅಕ್ಕ ಹಿಂದೂಪುರದ ಕಡೆ ಗಾರ್ಮೆಂಟ್ ಕಾರ್ಖಾನೆಯಲ್ಲಿ ಹೊಲಿಗೆಯ ಕೆಲಸಕ್ಕೆ ಹೋಗುತ್ತಾಳಂತೆ. ಅಲ್ಲಿ ಹೊರದೇಶಕ್ಕೆ ಹೋಗುವ ಬಿಳಿಯ ಷರಟುಗಳಿಗೆ ಕಾಲರು ಕೂಡಿಸುವುದು ಅವಳ ಪಾಲಿನ ಕೆಲಸ. ಪಟ್ಟಿಯ ಮೊದಲ ಉಡುಪು ಅದೇ ತಾನೆ, ಎಂದಳು. ಅಕ್ಕನ ಬಳಿ ಅಂಥದೊಂದು ಉಂಟೇ ಎಂದು ಕೇಳಿದೆ.

"ಇಲ್ಲ ಸಾರ್" ಎಂದಳು. "ಮೊದಲನೇ ತಿಂಗಳ ಸಂಬಳದಲ್ಲಿ ಅವಳೊಂದು ಸೀರೆ ತಗೊಂಡಳು. ಕೆಂಪಂಚಿನದು. ಅದನ್ನು ಇನ್ನೂ ಉಟ್ಟಿಲ್ಲ."